ಮರಿ ಕೇಳಿ ಬಂದವರಿಗೆಲ್ಲ ಕೊಡಲೇಬೇಕೇ?

ಡಾಕ್ಟ್ರೇ, ನಮ್ಮದು ಕೊಟ್ಟೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮನೆಯವರಿಗೆ ಮಳೆ ನಂಬಿದ ನಾಲ್ಕು ಎಕರೆ ಹೊಲ. ಎರಡು ವರ್ಷದ ಹಿಂದೆ ಅವರು ಮುಧೋಳದ ಕಡೆಯಿಂದ ಒಂದು ಹೆಣ್ಣು, ಒಂದು ಗಂಡು ನಾಯಿಮರಿ ತಂದರು. ಎರಡೂ ಒಂದೇ ತಾಯಿಯ, ಒಂದೇ ಸೂಲಿನವು. ಐದು ತಿಂಗಳ ಹಿಂದೆ ಹೆಣ್ಣುನಾಯಿ ಏಳು ಮರಿ ಹಾಕಿತು. ಒಂದು ಹುಟ್ಟುವಾಗಲೇ ಸತ್ತಿತ್ತು. ಒಂದು ಗಂಡುಮರಿಗೆ ಒಂದೇ ಬೀಜ ಇಳಿದಿತ್ತು. ಬದುಕಿದವನ್ನೆಲ್ಲ ಲಸಿಕೆ ಹಾಕಿಸದೆ 40 ದಿನಕ್ಕೆ ಕೊಟ್ಟೆವು. ಹರಪನಹಳ್ಳಿಯ ಒಬ್ಬರು 6,000 ರೂಪಾಯಿಗೆ ಒಯ್ದ ಮರಿ ಒಂಬತ್ತನೇ ದಿನ ವಾಂತಿ, ರಕ್ತಭೇದಿ ಶುರುವಾಗಿ ಸತ್ತುಹೋಯಿತು. ‘ಮರಿ ಮಾರಿದಿರೋ ರೋಗ ಮಾರಿದಿರೋ’ ಅಂತ ದಿನಾ ಫೋನು ಮಾಡುತ್ತಾರೆ. ಕೂಡ್ಲಿಗಿಗೆ ಹೋದದ್ದು ಚೆನ್ನಾಗಿದೆ. ಈಗ ನಾಯಿ ಮತ್ತೆ ಬೆದೆಗೆ ಬಂದಿದೆ. ನಮ್ಮನೆಯವರು ಆಗಲೇ ಮೂವರ ಹತ್ತಿರ ಮುಂಗಡ ತಗೊಂಡಿದ್ದಾರೆ. ಹಗರಿಬೊಮ್ಮನಹಳ್ಳಿ ಕಡೆಯ ಹುಡುಗರಿಗೆ ಮೊಲದ ಶಿಕಾರಿಗೆ ಬೇಕಂತೆ, ಹಡಗಲಿಯ ಮಲ್ಲಿಗೆ ತೋಟದವರಿಗೆ ಕಾವಲಿಗೆ ಬೇಕಂತೆ, ಬೆಂಗಳೂರಿನ ಒಬ್ಬ ಮಧ್ಯವರ್ತಿ 30 ದಿನಕ್ಕೇ ಅಷ್ಟೂ ಮರಿ ಕೊಡಿ ಅನ್ನುತ್ತಾನೆ. ನಮ್ಮತ್ತೆ, ‘ಮೈಲಾರಲಿಂಗನ ಒಕ್ಕಲು ನಾವು, ನಾಯಿ ಮಾರಿದ ದುಡ್ಡು ಎಣಿಸೋದೇನವ್ವಾ’ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಹೆಣ್ಣುನಾಯಿಗೆ ವರ್ಷಕ್ಕೊಂದು ಸೂಲಾದರೂ ಆಗದಿದ್ದರೆ ಗರ್ಭ ಕೆಡುತ್ತದೆ ಅಂತ ನಮ್ಮನೆಯವರ ವಾದ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

— ಕೊಟ್ಟೂರು ತಾಲ್ಲೂಕಿನ ಓದುಗರು

ತಂಗೀ, ಮೊದಲು ಹರಪನಹಳ್ಳಿಯವರ 6,000 ರೂಪಾಯಿ ವಾಪಸ್ ಕೊಟ್ಟುಬಿಡಿ. ಫೋನಿನಲ್ಲಿ ವಾದ ಬೇಡ. ಒಂದು ದಿನ ಇಬ್ಬರೂ ಬಸ್ಸು ಹತ್ತಿ ಹೋಗಿ ಕೈಯಲ್ಲಿ ಕೊಟ್ಟು ಬನ್ನಿ.

ತಪ್ಪೆಲ್ಲ ನಿಮ್ಮದೇ ಎಂದು ನಾನು ಹೇಳುತ್ತಿಲ್ಲ. ನೀವು ಬರೆದ ಲಕ್ಷಣ ನೋಡಿದರೆ ಅದು ಬಹುತೇಕ ಪಾರ್ವೊ. ಈ ವೈರಸ್ಸು ಮೈಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ, ಕೆಲವೊಮ್ಮೆ ಹದಿನಾಲ್ಕು ದಿನಕ್ಕೆ ರೋಗ ತೋರಿಸುತ್ತದೆ. ಒಂಬತ್ತನೇ ದಿನ ಅಂದರೆ ನಿಮ್ಮ ಹಟ್ಟಿಯಲ್ಲೇ ಅಂಟಿರಬಹುದು, ಅವರ ಅಂಗಳದಲ್ಲೂ ಅಂಟಿರಬಹುದು, ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ನೆಲದಿಂದಲೂ ಬಂದಿರಬಹುದು. ಯಾವ ಡಾಕ್ಟರೂ ಇದನ್ನು ಈಗ ಬಿಡಿಸಿ ಹೇಳಲಾರ. ಆದರೆ ಲಸಿಕೆ ಹಾಕಿಸದೆ, 40 ದಿನಕ್ಕೇ ಮರಿ ಕೈ ಬಿಟ್ಟದ್ದು ನೀವು. ದುಡ್ಡು ವಾಪಸ್ ಕೊಡಲು ಅಷ್ಟು ಸಾಕು. ಅದರ ಬದಲು ಇನ್ನೊಂದು ಮರಿ ಕೊಡುತ್ತೇವೆ ಅಂತ ಮಾತ್ರ ಒಪ್ಪಿಕೊಳ್ಳಬೇಡಿ. ಪಾರ್ವೊ ವೈರಸ್ಸು ಮಣ್ಣಿನ ನೆಲದಲ್ಲಿ ತಿಂಗಳುಗಟ್ಟಲೆ, ನೆರಳಿನ ಜಾಗವಾದರೆ ವರ್ಷದವರೆಗೂ ಬದುಕುತ್ತದೆ. ಸಿಮೆಂಟು ನೆಲವನ್ನು ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಒರೆಸಬಹುದು. ಸಗಣಿ ಸಾರಿಸಿದ ಅಂಗಳಕ್ಕೆ ಬ್ಲೀಚು ಹಾಕಿದರೆ ಮಣ್ಣೇ ಅದನ್ನು ಕುಡಿದುಬಿಡುತ್ತದೆ. ಲಸಿಕೆಯ ಎಲ್ಲ ಡೋಸು ಮುಗಿಯದ ಮರಿ ಹರಪನಹಳ್ಳಿಯವರ ಮನೆಗೆ ಇನ್ನೊಂದು ವರ್ಷ ಹೋಗಬಾರದು. ಇದನ್ನು ಅವರಿಗೂ ಹೇಳಿ. ಕೋಪದಲ್ಲಿದ್ದವರು ಬೇರೆ ಯಾರದೋ ಮರಿ ತಂದು ಅದನ್ನೂ ಕಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ.

40 ದಿನ ಯಾಕೆ ಸಾಲದು? ಹುಟ್ಟಿದ ಮರಿಗೆ ತಾಯಿಯ ಮೊದಲ ಹಾಲಿನಿಂದ ರಕ್ಷಣೆ ಸಿಗುತ್ತದೆ, ಅದೂ ತಾಯಿಗೆ ಲಸಿಕೆ ಆಗಿದ್ದರೆ. ಆರನೇ ವಾರದ ಹೊತ್ತಿಗೆ ಆ ರಕ್ಷಣೆ ಇಳಿಯತೊಡಗುತ್ತದೆ. ಆದರೆ ಪೂರ್ತಿ ಹೋಗಿರುವುದಿಲ್ಲ. ರೋಗ ತಡೆಯುವಷ್ಟು ಉಳಿದಿರುವುದಿಲ್ಲ, ಹಾಕಿದ ಲಸಿಕೆಯನ್ನು ಹಾಳು ಮಾಡುವಷ್ಟು ಮಾತ್ರ ಉಳಿದಿರುತ್ತದೆ. ಅದಕ್ಕೇ ಆರರಿಂದ ಎಂಟನೇ ವಾರದೊಳಗೆ ಮೊದಲ ಡೋಸು, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರ ದಾಟುವವರೆಗೆ ಹಾಕುತ್ತ ಹೋಗುವುದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ‘ಒಂದು ಸೂಜಿ ಹಾಕಿಸಿದೀವಿ, ಇನ್ನೇನೂ ಆಗಲ್ಲ’ ಎನ್ನುವ ಮಾರಾಟಗಾರರ ಮಾತು ಅರ್ಧ ಸುಳ್ಳು. ಇಷ್ಟೇ ಅಲ್ಲ, ಆರರಿಂದ ಎಂಟನೇ ವಾರದ ನಡುವೆ ಮರಿ ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ತಾಯಿಯಿಂದ ಗದರಿಸಿಕೊಂಡು, ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಕಲಿಯುತ್ತದೆ. ಅಲ್ಲಿ ಕಲಿಯದ ಮರಿ ಮುಂದೆ ಮನೆಯ ಮಕ್ಕಳ ಕೈ ಕಚ್ಚಿ ಕಲಿಯಬೇಕಾಗುತ್ತದೆ.

ಇದರಲ್ಲಿ ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ಕೇಂದ್ರ ಸರ್ಕಾರ ನಾಯಿಗಳ ಸಂತಾನೋತ್ಪತ್ತಿ ಮತ್ತು ಮಾರಾಟಕ್ಕೆ ಪ್ರತ್ಯೇಕ ನಿಯಮ ಮಾಡಿತು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಗೆ ಗಂಡು ಕೂಡಿಸುವಂತಿಲ್ಲ. ಎಂಟು ವರ್ಷದ ಮೇಲೆ ಮರಿ ಹಾಕಿಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚಿಲ್ಲ. ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ 5,000 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಿಕೊಳ್ಳಬೇಕು, ಅದು ಎರಡು ವರ್ಷಕ್ಕೆ. ನಮ್ಮ ಸುತ್ತಲ ತಾಲ್ಲೂಕುಗಳಲ್ಲಿ ಮರಿ ಮಾರುವವರಲ್ಲಿ ಎಷ್ಟು ಜನ ಈ ಕಾಗದ ಗೋಡೆಗೆ ಹಾಕಿಕೊಂಡಿದ್ದಾರೆ ಅಂತ ನನ್ನನ್ನು ಕೇಳಬೇಡಿ. ಮನೆಯಲ್ಲಿರುವುದು ಒಂದೇ ಹೆಣ್ಣುನಾಯಿ ಅಂತ ನಿಯಮ ನಿಮ್ಮನ್ನು ಬಿಟ್ಟುಬಿಡುವುದಿಲ್ಲ. ನಿಮ್ಮ ಲೆಕ್ಕ ನೋಡಿ: ಈಗ ನಾಯಿಗೆ ಎರಡು ವರ್ಷದ ಮೇಲೆ ಸ್ವಲ್ಪ, ಮರಿಗಳಿಗೆ ಐದು ತಿಂಗಳು, ಗರ್ಭ ಎರಡು ತಿಂಗಳು. ಅಂದರೆ ಕೂಡಿಸಿದಾಗ ಅದಕ್ಕೆ ಹದಿನೆಂಟು ತಿಂಗಳು ತುಂಬಿದ್ದು ಅನುಮಾನ.

ಈಗ ನಿಮ್ಮತ್ತೆಯ ಮಾತು. ಇಡೀ ಪತ್ರದಲ್ಲಿ ನನಗೆ ತೂಕದ್ದು ಅನ್ನಿಸಿದ ಪ್ರಶ್ನೆ ಅವರದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕರಿಕಂಬಳಿ ಹೊದ್ದ ಗೊರವಪ್ಪಗಳು ನಾಯಿಯ ಹಾಗೆ ಬೊಗಳುತ್ತ, ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ಉಣ್ಣುವುದನ್ನು ನೋಡಿ ಬೆಳೆದ ಸೀಮೆ ನಮ್ಮದು. ದೇವರ ಮುಂದೆ ಮನುಷ್ಯ ನಾಯಿಯಾಗಿ ನಿಲ್ಲುವ ಒಕ್ಕಲಿಗೆ, ನಾಯಿಯನ್ನು ಸಂತೆಯ ಸೊಪ್ಪಿನ ಹಾಗೆ ಮಾರುವುದು ಕಸಿವಿಸಿ ತರಲೇಬೇಕು. ಹಾಗಂತ ದುಡ್ಡು ಮುಟ್ಟುವುದೇ ಪಾಪ ಅಂತ ನಾನು ಹೇಳಲಾರೆ. ತಾಯಿಗೆ ಲಸಿಕೆ, ರಕ್ತ ಪರೀಕ್ಷೆ, ಬಾಣಂತನದ ಆಹಾರ, ಮರಿಗಳಿಗೆ ಎರಡು ವಾರಕ್ಕೊಮ್ಮೆ ಜಂತಿನ ಔಷಧಿ, ಎಂಟು ವಾರದ ಹಾಲು-ಅನ್ನ, ಇವುಗಳ ಖರ್ಚು ಯಾರಾದರೂ ಕೊಡಬೇಕು. ಅಷ್ಟೂ ಮಾಡಿ ನೋಡಿ, ಒಂದು ಸೂಲಿನಲ್ಲಿ ಉಳಿಯುವುದು ಎಷ್ಟು ಕಡಿಮೆ ಅಂತ ನಿಮ್ಮತ್ತೆಗೇ ಸಮಾಧಾನವಾದೀತು. ಲಾಭ ಕಾಣುವುದು ಇವನ್ನೆಲ್ಲ ಬಿಟ್ಟವರಿಗೆ ಮಾತ್ರ.

ನಿಮ್ಮ ಯಜಮಾನರ ವಾದಕ್ಕೆ ಉತ್ತರ: ಸೂಲಾಗದಿದ್ದರೆ ಹೆಣ್ಣುನಾಯಿಯ ಗರ್ಭ ಕೆಡುತ್ತದೆ ಎಂಬುದು ಸುಳ್ಳು. ವಯಸ್ಸಾದ ಹೆಣ್ಣುನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಇದೆ, ನಿಜ. ಅದು ಮರಿ ಹಾಕಿದವಕ್ಕೂ ಬರುತ್ತದೆ, ಹಾಕದವಕ್ಕೂ ಬರುತ್ತದೆ. ತಡೆಯುವುದು ಸಂತಾನಹರಣ ಶಸ್ತ್ರಚಿಕಿತ್ಸೆ, ಸೂಲಲ್ಲ. ಐದು ತಿಂಗಳ ಹಿಂದೆ ಏಳು ಹೆತ್ತ ಮೈ ಅದು. ಸೊರಗಿದೆಯೇ ಎಂದು ಪಕ್ಕೆಲುಬು ಮುಟ್ಟಿ ನೋಡಿ ಅಂತಲೂ ಹೇಳುವಂತಿಲ್ಲ, ಮುಧೋಳ ನಾಯಿಗೆ ಪಕ್ಕೆಲುಬು ಕಾಣುವುದೇ ಲಕ್ಷಣ. ಈ ಬೆದೆ ಖಂಡಿತ ಬೇಡ.

ಅದಕ್ಕಿಂತ ದೊಡ್ಡ ತಡೆ, ನಿಮ್ಮ ಗಂಡುನಾಯಿ ಅದರ ಒಡಹುಟ್ಟು. ನಿಮ್ಮೂರಿನ ಯಾವ ಕುರಿಗಾಹಿಯನ್ನಾದರೂ ಕೇಳಿ. ಒಂದೇ ಟಗರನ್ನು ಹಟ್ಟಿಯಲ್ಲಿ ಬಹಳ ವರ್ಷ ಇಟ್ಟುಕೊಂಡರೆ ಅದು ತನ್ನ ಮರಿಗಳಿಗೇ ಕೂಡುತ್ತದೆ, ಹಿಂಡು ಸೊರಗುತ್ತದೆ ಅಂತ ಟಗರು ಬದಲಾಯಿಸುವ ಜನ ಅವರು. ಅದೇ ಮನುಷ್ಯ ಪೇಟೆಯಲ್ಲಿ ‘ಜೋಡಿ ಮರಿ’ ಕಂಡರೆ ಕುರಿಹಟ್ಟಿಯ ಬುದ್ಧಿ ಮರೆತು ಅಣ್ಣ-ತಂಗಿಯನ್ನೇ ಜೋಡಿ ಅಂತ ಮನೆಗೆ ತರುತ್ತಾನೆ! ಕೆಲವು ದೋಷಗಳು ತಂದೆಯಿಂದಲೂ ತಾಯಿಯಿಂದಲೂ ಎರಡು ಕಡೆ ಬಂದಾಗ ಮಾತ್ರ ಮೈಮೇಲೆ ಕಾಣುತ್ತವೆ. ಒಂದೇ ಕಡೆಯಿಂದ ಬಂದರೆ ಒಳಗೇ ಅವಿತಿರುತ್ತವೆ. ಒಡಹುಟ್ಟುಗಳನ್ನು ಕೂಡಿಸುವುದೆಂದರೆ ಅವಿತದ್ದನ್ನು ಕರೆದು ಕೂಡಿಸುವುದು. ಸತ್ತು ಹುಟ್ಟಿದ ಮರಿಗೆ ಇದೇ ಕಾರಣ ಅಂತ ಒಂದೇ ಸೂಲು ನೋಡಿ ಹೇಳಲಾಗದು. ಒಂದೇ ಬೀಜ ಇಳಿದ ಗಂಡುಮರಿಯ ವಿಷಯ ಹಾಗಲ್ಲ, ಅದು ವಂಶದಲ್ಲಿ ಹರಿಯುವ ದೋಷ, ತಂದೆ-ತಾಯಿ ಇಬ್ಬರ ಕಡೆಯೂ ಬೆರಳು ಹೋಗುತ್ತದೆ. ಆ ಮರಿ ಯಾರ ಮನೆಯಲ್ಲಿದೆಯೋ ಅವರಿಗೆ ತಿಳಿಸಿ. ಒಳಗೆ ಉಳಿದ ಬೀಜದಲ್ಲಿ ಮುಂದೆ ಗಡ್ಡೆಯಾಗುವ ಸಂಭವ ಹೆಚ್ಚು, ಆಪರೇಷನ್ ಮಾಡಿಸಿ ತೆಗೆಸಬೇಕು, ಅದರಿಂದ ಮರಿ ಮಾಡಿಸಲೇಬಾರದು. ಒಡಹುಟ್ಟು, ಮಲ ಒಡಹುಟ್ಟು, ತಂದೆ-ಮಗಳು, ಅಜ್ಜ-ಮೊಮ್ಮಗಳು, ಇವನ್ನೆಲ್ಲ 2017ರ ನಿಯಮವೂ ನಿಷೇಧಿಸುತ್ತದೆ.

ಮುಧೋಳದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಘೋರ್ಪಡೆ ಅರಸರ ಆಸರೆಯಲ್ಲಿ ಉಳಿದುಬಂದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವನ್ನೇ ತೆರೆಯಿತು, ಅಲ್ಲಿನ ಮರಿಗಳು ಮೀರತ್ತಿನ ಸೇನಾ ಕೇಂದ್ರದವರೆಗೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರೆತ್ತಿದರು. ಕೀರ್ತಿ ಬಂದ ಕಡೆ ಕಲಬೆರಕೆಯೂ ಬರುತ್ತದೆ. ಬಾಲ ಸಣ್ಣಗಿದ್ದ ಬೇಟೆನಾಯಿಯೆಲ್ಲ ಮುಧೋಳ ಅನ್ನಿಸಿಕೊಂಡಿತು, ಇದ್ದ ಒಂದೆರಡು ಗಂಡಿನಿಂದಲೇ ಸುತ್ತಲ ಊರಿನ ಹೆಣ್ಣುನಾಯಿಗಳಿಗೆಲ್ಲ ಮರಿಯಾಯಿತು. ಮುಂದೆ ಯಾವತ್ತಾದರೂ ಮರಿ ಮಾಡಿಸುವ ಮನಸ್ಸಾದರೆ ತಿಮ್ಮಾಪುರದ ಕೇಂದ್ರವನ್ನು ವಿಚಾರಿಸಿ, ನಿಮ್ಮ ನಾಯಿಯ ವಂಶಕ್ಕೆ ಸಂಬಂಧವಿಲ್ಲದ ಗಂಡನ್ನು ಹುಡುಕಿ.

ಗಂಡು ಸಿಕ್ಕ ಮೇಲೂ ಪರೀಕ್ಷೆಗಳಿವೆ. ಎರಡೂ ನಾಯಿಗಳಿಗೆ. ಊರು ತಿರುಗುವ ಗಂಡುನಾಯಿಗಳಲ್ಲಿ ಕೂಡುವಿಕೆಯಿಂದಲೇ ಅಂಟುವ ಒಂದು ಗಡ್ಡೆರೋಗ ನಮ್ಮ ದೇಶದಲ್ಲಿ ಸಾಮಾನ್ಯ. ಜನನಾಂಗದಲ್ಲಿ ಹೂಕೋಸಿನಂಥ ಮಾಂಸ, ರಕ್ತ ತೊಟ್ಟಿಕ್ಕುವುದು ಅದರ ಗುರುತು. ಡಾಕ್ಟರು ಕಣ್ಣಿಂದ ನೋಡಿಯೇ ಅನುಮಾನಿಸಬಲ್ಲರು, ವಾರಕ್ಕೊಂದರಂತೆ ಕೊಡುವ ಇಂಜೆಕ್ಷನ್ನಿಗೆ ಗುಣವೂ ಆಗುತ್ತದೆ. ಎರಡನೆಯದು ಬ್ರುಸೆಲ್ಲಾ, ದನ-ಕುರಿಗಳಲ್ಲಿ ನಾವು ಕಂದು ಹಾಕುವ ರೋಗ ಅನ್ನುವ ಜಾತಿಯದ್ದು. ನಾಯಿಗೆ ಬಂದರೆ ದಿನ ತುಂಬುವ ಮೊದಲೇ ಮರಿ ಉದುರುತ್ತವೆ, ಗಂಡಿಗೆ ಬೀಜ ಊದುತ್ತದೆ, ಔಷಧಿಯಿಂದ ಪೂರ್ತಿ ಹೋಗುವ ಭರವಸೆಯಿಲ್ಲ, ಮನುಷ್ಯರಿಗೂ ಅಂಟುತ್ತದೆ. ನಮ್ಮದು ಕುರಿ ಸೀಮೆಯಾದ್ದರಿಂದ ಇನ್ನೊಂದು ಎಚ್ಚರ: ಕಂದು ಹಾಕಿದ ಕುರಿಯ ಮಾಸು ತಿಂದು ನಾಯಿಗೆ ಕುರಿಯ ಬ್ರುಸೆಲ್ಲಾ ಕೂಡ ಬರಬಲ್ಲದು. ಮಾಸನ್ನು ಹೂಳಿ, ನಾಯಿಗೆ ಎಸೆಯಬೇಡಿ. ಜಾತ್ರೆಯ ಮರುದಿನ ಕುರಿಯ ಹಸಿ ಈಲಿ, ಪುಪ್ಪುಸ ಹಾಕುವುದೂ ಬೇಡ. ಅದರಿಂದ ನಾಯಿಯ ಕರುಳಿಗೆ ಸೇರುವ ಸಣ್ಣ ಲಾಡಿಹುಳು ಮನುಷ್ಯರ ಈಲಿಯಲ್ಲಿ ನೀರುಗಡ್ಡೆ ಮಾಡುತ್ತದೆ. ಸಾಮಾನ್ಯ ಜಂತಿನ ಮಾತ್ರೆ ಅದಕ್ಕೆ ಸಾಲದು, ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಕೇಳಿ.

ಮೂರನೆಯದು ಉಣ್ಣಿಜ್ವರ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇಲ್ಲದ ನಾಯಿ ನಮ್ಮ ಬಿಸಿಲುಸೀಮೆಯಲ್ಲಿ ಎಲ್ಲಿದೆ? ರಕ್ತದಲ್ಲಿ ಈ ಜ್ವರ ಅಡಗಿದ್ದರೆ ಹೆಪ್ಪುಗಟ್ಟುವ ಶಕ್ತಿ ಕುಂದಿ, ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋಗಬಹುದು. ಹಲ್ಲಿನ ಹೊಂದಿಕೆ, ಕಣ್ಣು, ಎದೆಬಡಿತ, ಚರ್ಮ ನೋಡಿಸಿ. ಮರಿಯಾಗಿದ್ದಾಗ ಮೈತುಂಬ ಕೂದಲುದುರುವ ಕಜ್ಜಿ ಬಂದಿದ್ದ ನಾಯಿಯನ್ನು ತಳಿಗೆ ಬಳಸಬೇಡಿ, ಅದಕ್ಕೆ ತುತ್ತಾಗುವ ದುರ್ಬಲತೆ ವಂಶದಲ್ಲಿ ಬರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸಾಕಿದವರು ಈ ಅಂಕಣ ಓದುತ್ತಿದ್ದರೆ, ನಿಮಗೆ ಸೊಂಟದ ಕೀಲಿನ ಎಕ್ಸ್‌ರೇ ಇಲ್ಲದೆ ಮರಿ ಮಾಡಿಸುವ ಹಕ್ಕೇ ಇಲ್ಲ ಅಂತ ನಾನು ಭಾವಿಸುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ್ದಕ್ಕೆ ಶಿವಮೊಗ್ಗದ ಪಶುವೈದ್ಯ ಕಾಲೇಜು ಇದೆ.

ಇನ್ನು ಕೊಳ್ಳುವವರು. ಗಂಡು ಹುಡುಕುವ ಮೊದಲೇ ಮನೆ ಹುಡುಕಬೇಕು ಅಂತ ನಾನು ಯಾವಾಗಲೂ ಹೇಳುತ್ತೇನೆ. ಏಳು ಮರಿಗೆ ಏಳು ಒಳ್ಳೆಯ ಮನೆ ಇಲ್ಲದಿದ್ದರೆ ಕೂಡಿಸಲೇಬಾರದು. ಮುಂಗಡ ತಗೊಂಡಾಗ ತಲೆ ಆ ದುಡ್ಡಿನ ಕಡೆ ವಾಲುತ್ತದೆ, ಬಂದವನ ಮುಖ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಮೂವರ ಮುಂಗಡವೂ ವಾಪಸ್.

ಮೊಲದ ಶಿಕಾರಿಯ ಹುಡುಗರಿಗೆ ಯಾವತ್ತೂ ಕೊಡಬೇಡಿ. ಮೊಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಂದಿನವರು ಆಡುತ್ತಿದ್ದರು ಎಂಬ ಮಾತು ಅರಣ್ಯ ಇಲಾಖೆಯ ಮುಂದೆ ನಡೆಯುವುದಿಲ್ಲ. ನನಗೆ ಅದಕ್ಕಿಂತ ಕಾಡುವುದು ಆ ನಾಯಿಯ ಗತಿ. ಕಲ್ಲುಗುಡ್ಡದಲ್ಲಿ ಓಡಿ ಕಾಲು ಮುರಿದುಕೊಂಡ ಬೇಟೆನಾಯಿಯನ್ನು ಮನೆಗೆ ಹೊತ್ತು ತರುವವರು ಕಡಿಮೆ.

ಹಡಗಲಿಯ ತೋಟದವರು ಒಳ್ಳೆಯವರೇ ಇರಬಹುದು, ಆದರೆ ಅವರು ತಪ್ಪು ನಾಯಿ ಕೇಳುತ್ತಿದ್ದಾರೆ. ಮುಧೋಳ ಕಣ್ಣಿಂದ ಕಂಡದ್ದರ ಹಿಂದೆ ಓಡುವ ನಾಯಿ. ತೋಟದ ಮೂಲೆಯಲ್ಲಿ ಹಗಲಿಡೀ ಸರಪಳಿ ಹಾಕಿ ಕಟ್ಟಿದರೆ ಕೆರಳುತ್ತದೆ, ಬಿಚ್ಚಿದರೆ ಪಕ್ಕದ ಹೊಲದವರ ಕೋಳಿ, ಆಡಿನ ಮರಿ ಲೆಕ್ಕ ಕೊಡಬೇಕಾಗುತ್ತದೆ. ಹೂವು ಕದಿಯಲು ಬಂದವನನ್ನು ಬೊಗಳಿ ಓಡಿಸಲು ಊರಿನ ಒಂದು ನಾಟಿಮರಿ ಸಾಕು, ಲಸಿಕೆ ಹಾಕಿಸಿ ಸಾಕಿದರೆ ಹತ್ತು ವರ್ಷ ಕಾಯುತ್ತದೆ. ಹಾಗೇ ಹೇಳಿ ಕಳಿಸಿ, ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಬೆಂಗಳೂರಿನವನಿಗೆ ಫೋನಿನಲ್ಲೇ ಇಲ್ಲ ಅನ್ನಿ. 30 ದಿನದ ಮರಿ ಅವನಿಗೆ ಯಾಕೆ ಬೇಕು? ಅಷ್ಟು ಸಣ್ಣದಿದ್ದಾಗ ಮುದ್ದಾಗಿರುತ್ತದೆ, ಯಾವ ತಳಿ ಅಂತ ಗುರುತೂ ಹತ್ತುವುದಿಲ್ಲ, ಬೇಗ ಬಿಕರಿಯಾಗುತ್ತದೆ. ಅವನು ಯಾರಿಗೆ ಮಾರಿದ ಅಂತ ನಿಮಗೆ ಗೊತ್ತಾಗುವುದಿಲ್ಲ, ಮರಿ ಸತ್ತರೆ ಮಾತ್ರ ನಿಮ್ಮ ನಂಬರು ಅವರಿಗೆ ಸಿಗುತ್ತದೆ.

ಹಾಗಾದರೆ ಯಾರಿಗೆ ಕೊಡಬೇಕು? ಬಂದವರನ್ನು ಕೂರಿಸಿ ಚಹಾ ಕೊಟ್ಟು ಮಾತಾಡಿಸಿ. ಮನೆಯಲ್ಲಿ ಹಗಲು ಯಾರಿರುತ್ತಾರೆ, ಹಿಂದೆ ಸಾಕಿದ ನಾಯಿ ಏನಾಯಿತು, ಬೆಳಿಗ್ಗೆ ಓಡಿಸಲು ಜಾಗವಿದೆಯೇ, ಊರಿಗೆ ಹೋದಾಗ ಯಾರು ನೋಡುತ್ತಾರೆ. ‘ಹಿಂದಿನ ನಾಯಿ ಎಲ್ಲೋ ಹೋಯ್ತು’ ಅನ್ನುವವರ ಹತ್ತಿರ ಇನ್ನೆರಡು ಪ್ರಶ್ನೆ ಕೇಳಿ. ಮಗ ಬಂದು ಕೇಳಿದರೆ ತಂದೆ-ತಾಯಿಯನ್ನು ಕರೆದುಕೊಂಡು ಬಾ ಅನ್ನಿ. ತಿರುಗಿ ನಿಮಗೇ ಪ್ರಶ್ನೆ ಹಾಕುವವರು, ತಾಯಿನಾಯಿಯನ್ನು ತೋರಿಸಿ ಅನ್ನುವವರು ಬಂದರೆ ಖುಷಿಪಡಿ. ಚೌಕಾಸಿಯಿಂದಲೇ ಮಾತು ಶುರು ಮಾಡುವವರು ನನಗೆ ಅಷ್ಟಕ್ಕಷ್ಟೆ. 6,000ಕ್ಕೆ ಒಂದು ಸಾವಿರ ಇಳಿಸಲು ಒಂದು ತಾಸು ಕೂರುವವರು ಲಸಿಕೆಗೆ ಆಸ್ಪತ್ರೆಗೆ ಹೋಗುವಾಗಲೂ ಹಾಗೇ ಲೆಕ್ಕ ಹಾಕುತ್ತಾರೆ.

ಕೊಡುವ ದಿನ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮರಿ ಹುಟ್ಟಿದ ತಾರೀಕು, ತಂದೆ-ತಾಯಿಯ ವಿವರ ಮತ್ತು ಪರೀಕ್ಷೆಯ ಫಲ, ಹಾಕಿದ ಲಸಿಕೆ, ಮುಂದಿನ ಡೋಸಿನ ತಾರೀಕು, ಕೊಟ್ಟ ಹಣ. ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಬೇಕು, ದೋಷ ಕಂಡರೆ ಹಣ ವಾಪಸ್ ಎಂಬ ಮಾತು. ಸಾಕಲಾಗದಿದ್ದರೆ, ಎಷ್ಟೇ ವರ್ಷವಾಗಿರಲಿ, ಬೀದಿಗೆ ಬಿಡದೆ ನಿಮಗೇ ತಂದು ಒಪ್ಪಿಸಬೇಕು ಎಂಬ ಮಾತು. ಈ ಕೊನೆಯದನ್ನು ಬರೆಯುವಾಗ ನಿಮ್ಮ ಯಜಮಾನರ ಕೈ ನಡುಗಿದರೆ, ಅವರು ಇನ್ನೂ ಮರಿ ಮಾಡಿಸಲು ತಯಾರಿಲ್ಲ ಅಂತ ತಿಳಿಯಿರಿ. ಬಾಯಿಮಾತಿನಲ್ಲಿ ಎರಡು ವಿಷಯ ಹೇಳಿ: ನಾಯಿ ಬಡಕಲು ಅಂತ ಕೊಬ್ಬು ತಿನ್ನಿಸಿ ದಪ್ಪ ಮಾಡಬೇಡಿ, ಯಾವುದೇ ಆಪರೇಷನ್ ಆದರೆ ಇದು ಕೊಬ್ಬಿಲ್ಲದ ಬೇಟೆತಳಿ ಅಂತ ಡಾಕ್ಟರಿಗೆ ಮೊದಲೇ ನೆನಪಿಸಿ, ಕೆಲವು ಮತ್ತುಮದ್ದು ಇವಕ್ಕೆ ಬೇಗ ಇಳಿಯುವುದಿಲ್ಲ.

ಈ ವಾರದ ಕೆಲಸ ಇಷ್ಟು. ಗಂಡುನಾಯಿಯನ್ನು ಇವತ್ತೇ ನೆಂಟರ ಮನೆಗೆ ಸಾಗಿಸಿ, ಮೂರು ವಾರ ಅಲ್ಲೇ ಇರಲಿ. ಒಂದೇ ಅಂಗಳದಲ್ಲಿ ಸರಪಳಿ, ಬಾಗಿಲು ಯಾವುದೂ ತಡೆಯುವುದಿಲ್ಲ. ಹೆಣ್ಣುನಾಯಿಯನ್ನು ಹೊರಗೆ ಒಯ್ಯುವಾಗ ನೀವೇ ಹಗ್ಗ ಹಿಡಿಯಿರಿ, ಬೀದಿಯ ಗಂಡುಗಳು ಬಾಗಿಲಿಗೆ ಬಂದೇ ಬರುತ್ತವೆ. ಈಗಾಗಲೇ ಕೂಡಿಬಿಟ್ಟಿದ್ದರೆ ಮೆಡಿಕಲ್ ಶಾಪಿನ ಇಂಜೆಕ್ಷನ್ ಹಾಕಿಸಬೇಡಿ, ಗರ್ಭಕೋಶ ಕೆಡುತ್ತದೆ, ನೇರ ಪಶು ಆಸ್ಪತ್ರೆಗೆ ಹೋಗಿ. ಬೆದೆ ಮುಗಿದು ಎರಡು-ಮೂರು ತಿಂಗಳಾದ ಮೇಲೆ ಹೆಣ್ಣಿಗೆ ಸಂತಾನಹರಣ ಮಾಡಿಸುವುದೋ, ಇಲ್ಲ ಗಂಡಿಗೆ ಮಾಡಿಸಿ ಹೆಣ್ಣನ್ನು ಪರೀಕ್ಷೆಗೆ ಕಳಿಸುವುದೋ, ಗಂಡ-ಹೆಂಡತಿ ಕೂತು ತೀರ್ಮಾನಿಸಿ. ಎರಡರಲ್ಲಿ ಒಂದಕ್ಕಾದರೂ ಶಸ್ತ್ರಚಿಕಿತ್ಸೆ ಆಗದೆ ಅವೆರಡೂ ಒಂದೇ ಮನೆಯಲ್ಲಿರಬಾರದು. ಕೂಡ್ಲಿಗಿಯವರಿಗೂ ಮಿಕ್ಕ ಮರಿಗಳ ಮನೆಯವರಿಗೂ ಫೋನು ಮಾಡಿ, ಲಸಿಕೆ ಎಲ್ಲಿಗೆ ಬಂದಿದೆ ಕೇಳಿ. ಐದು ತಿಂಗಳಾದರೂ ಹುಚ್ಚುನಾಯಿ ರೋಗದ ಲಸಿಕೆ ಆಗಿಲ್ಲ ಅಂದರೆ ಇದೇ ವಾರ ಹಾಕಿಸಲು ಹೇಳಿ.